ಆಲೆಮನೆಯವನ ಹನ್ನೊಂದು ಸೋಮವಾರ

ಗಂಡಸಿನ ಅಂಗ ನಿಮಿರುವುದಿಲ್ಲ ಅಂದರೆ ಅದೂ ಒಂದು ಕಾಯಿಲೆ. ಕೆಮ್ಮು ಹೇಗೋ, ಮಂಡಿನೋವು ಹೇಗೋ ಹಾಗೆ. ಇದನ್ನು ಬರೆಯಲು ನನಗೆ ನಾಚಿಕೆ ಇಲ್ಲ. ಕ್ಲಿನಿಕ್ಕಿನಲ್ಲಿ ಬೆಡ್‌ಪ್ಯಾನ್ ತೊಳೆದ ಕೈ ಇದು, ಇದಕ್ಕೆ ಎಲ್ಲ ಅಂಗವೂ ಒಂದೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಟಿ. ನರಸೀಪುರದಲ್ಲಿ ಒಬ್ಬ ಲೇಡಿ ಡಾಕ್ಟರ ಸಣ್ಣ ಕ್ಲಿನಿಕ್ಕು. ಅವರು, ಒಬ್ಬ ನರ್ಸು, ಆಯಾ ಆಗಿ ನಾನು. ಗುಡಿಸುವುದು, ಒರೆಸುವುದು, ಗಾಯದ ಬಟ್ಟೆ ಬದಲಿಸುವುದು ನನ್ನ ಕೆಲಸ. ಜೊತೆಗೆ ಹೆತ್ತ ಹೆಂಗಸರಿಗೆ ಒಂದು ವ್ಯಾಯಾಮ ಹೇಳಿಕೊಡುವುದೂ ನನ್ನ ಪಾಲಿಗೆ ಬಂದಿತ್ತು. ಹೆತ್ತ ಮೇಲೆ ಕೆಮ್ಮಿದರೆ, ಸೀನಿದರೆ ಉಚ್ಚೆ ಜಿನುಗುತ್ತದಲ್ಲ, ಅದಕ್ಕೆ. ಕೆಳಗಿನ ಸ್ನಾಯುವನ್ನು ಒಳಕ್ಕೂ ಮೇಲಕ್ಕೂ ಎಳೆದು ಹಿಡಿ, ಐದು ಎಣಿಸು, ಬಿಡು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಡಾಕ್ಟರು ಒಂದು ಸಲ ನನಗೆ ಕಲಿಸಿದರು, ನಾನು ಬಂದವರಿಗೆಲ್ಲ ಕಲಿಸಿದೆ.

ಗೌರಿ ಹಬ್ಬ ಕಳೆದ ವಾರ ಒಬ್ಬಳು ತಲೆನೋವೆಂದು ಬಂದಳು. ಮೂವತ್ತೆರಡು ಮೂವತ್ಮೂರರ ಪ್ರಾಯ. ತವರು ದೇವನೂರು, ಗಂಡನ ಮನೆ ನರಸೀಪುರಕ್ಕೂ ನಂಜನಗೂಡಿಗೂ ನಡುವಿನ ಒಂದು ಊರು. ಗಂಡನದು ಆಲೆಮನೆ, ಕಬ್ಬು ಅರೆದು ಬೆಲ್ಲ ಕಾಯಿಸುವ ವ್ಯವಹಾರ. ಒಬ್ಬಳು ಮಗಳು. ಡಾಕ್ಟರು ನೋಡಿ ಏನೂ ಇಲ್ಲವೆಂದು ಕಳಿಸಿದರೂ ಆಕೆ ಹೋಗಲಿಲ್ಲ. ಹಿತ್ತಲಲ್ಲಿ ನಾನು ಪಾತ್ರೆ ಉಜ್ಜುತ್ತಿದ್ದ ಕಡೆಗೇ ಬಂದು ನಿಂತಳು.

“ಆಯಮ್ಮ, ನನ್ ಮೈ ಏನಾರ ವಾಸ್ನೆ ಬತ್ತದಾ? ದಿಟ ಯೋಳಿ.”

ಹತ್ತಿರ ಹೋಗಿ ಮೂಸಿದೆ. “ಸೀಗೆಪುಡಿ ವಾಸ್ನೆ ಬತ್ತದೆ. ಯಾಕೆ?”

“ನಮ್ಮೆಜಮಾನ್ರು ಗೋಡೆ ಕಡೀಕ್ ತಿರಿಕಂಡು ಮನೀಕಳಕ್ಕೆ ಸುರು ಮಾಡಿ ಒಂದೂವರೆ ವರ್ಸ ಆಯ್ತು. ಮಾತೂ ಇಲ್ಲ, ಕತೆಯೂ ಇಲ್ಲ. ಬ್ಯಾರೆ ಯಾರೋ ಅವ್ಳೆ ಅಂತ ನಮ್ಮಣ್ಣ ಅಂತಾನೆ. ಸಂಕ್ರಾಂತಿಗಂಟ ನೋಡ್ತೀನಿ. ಆಮೇಲೆ ಮಗಳನ್ನ ಕರಕಂಡು ಅಣ್ಣನ ಮನೆಗೆ ಓಯ್ತೀನಿ. ಅಬ್ಬಕ್ಕೆ ಗಾಡಿ ತತ್ತೀನಿ ಅಂದವ್ನೆ.”

ಅಳುತ್ತಿರಲಿಲ್ಲ. ಸಂತೆಗೆ ಹೋಗುವ ದಿನ ಗೊತ್ತು ಮಾಡಿದಂತೆ ಹೇಳಿದಳು.

“ಗಂಡ ರಾತ್ರಿ ಎಷ್ಟ್ ಸಲ ಏಳ್ತಾನೆ ಉಚ್ಚೆಗೆ?”

“ನಾಕು, ಐದು. ಇತ್ಲಲ್ಲಿ ಅವರು ಕೂತ ಜಾಗಕ್ಕೆ ಇರುವೆ ಮುತ್ಕತ್ತವೆ.”

ಪಾತ್ರೆ ಕೆಳಗಿಟ್ಟೆ. ಬೇರೆ ಹೆಂಗಸಿನ ಸುದ್ದಿ ನನಗೆ ಗೊತ್ತಿಲ್ಲ, ಇರುವೆ ಮುತ್ತುವುದು ಗೊತ್ತಿತ್ತು. ಒಳಗೆ ಹೋಗಿ ಡಾಕ್ಟರಿಗೆ ಹೇಳಿದೆ. “ಸಕ್ಕರೆ ಕಾಯಿಲೆ ಇರಬೇಕು. ಅವರನ್ನ ಕಳಿಸೋಕೆ ಹೇಳಿ,” ಎಂದರು.

ಅವನು ಬರುವ ಹೊತ್ತಿಗೆ ಮಹಾನವಮಿ ಕಳೆದಿತ್ತು. ಅದೂ ಸುಮ್ಮನೆ ಬರಲಿಲ್ಲ, ಮಣಿಕಟ್ಟಿಗೆ ಬಿಸಿ ಪಾಕ ಸಿಡಿದು ಬೊಬ್ಬೆ ಎದ್ದಿದ್ದಕ್ಕೆ ಬಂದ. ನಲವತ್ತರ ಹತ್ತಿರದ ವಯಸ್ಸು, ಜೇಬಿನಲ್ಲಿ ಸಿಗರೇಟಿನ ಪ್ಯಾಕು, ಬೆಲ್ಟಿನ ಮೇಲೆ ಜೋತ ಹೊಟ್ಟೆ. ಡಾಕ್ಟರು ಸುಟ್ಟ ಗಾಯ ನೋಡಿ, ಅದರ ನೆಪದಲ್ಲೇ ರಕ್ತ ತೆಗೆಸಿ ನೋಡಿದರೆ ಸಕ್ಕರೆ ಬಹಳ ಇತ್ತು. ಬಿ.ಪಿ.ಯೂ ಸ್ವಲ್ಪ ಏರಿತ್ತು. “ಹೆಂಡತಿ ಜೊತೆ ಸೇರೋದ್ರಲ್ಲಿ ಏನಾದ್ರೂ ತೊಂದರೆ ಇದೆಯಾ?” ಎಂದು ನೇರವಾಗಿ ಕೇಳಿದರು. ಅವನು ಫ್ಯಾನು ನೋಡುತ್ತ, “ಅಂತಾದ್ದೇನಿಲ್ಲ ಮೇಡಂ,” ಎಂದ.

ಡ್ರೆಸ್ಸಿಂಗ್ ರೂಮಿನಲ್ಲಿ ನಾನು ಗಾಯಕ್ಕೆ ಮುಲಾಮು ಹಚ್ಚುವಾಗ ಕೇಳಿದೆ. “ಬೇರೆ ಯಾವಳಾದ್ರೂ ಇದಾಳೇನಪ್ಪ?”

“ಬ್ಯಾರೆಯವಳ್ಗೆ ಎಲ್ಲಿಂದ ತರ್ಲಿ ಆಯಮ್ಮ? ಮನೆಯವಳ್ಗೇ ಇಲ್ಲ!”

ಬಾಯಿ ತಪ್ಪಿ ಬಂದ ಮಾತು. ಬಂದ ಮೇಲೆ ನಿಲ್ಲಲಿಲ್ಲ. ಮೈಸೂರಿನ ಒಂದು ಲಾಡ್ಜಿನಲ್ಲಿ ಯಾರೋ ಕೊಟ್ಟ ಲೇಹ್ಯ ಆರು ತಿಂಗಳು ನೆಕ್ಕಿದ್ದಾನೆ. ಅದರಲ್ಲಿ ಇದ್ದುದು ಬೆಲ್ಲ ಅಂತ ಬೆಲ್ಲ ಮಾಡುವವನ ನಾಲಗೆಗೇ ಗೊತ್ತಾಗಿದೆ, ಆದರೂ ನೆಕ್ಕಿದ್ದಾನೆ. ಪೇಪರಿನಲ್ಲಿ ಯಾವುದೋ ನೀಲಿ ಮಾತ್ರೆಯ ಸುದ್ದಿ ಓದಿ ಅದನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡಿದ್ದ. ತೋರಿಸಿದ.

ಕೈ ಹಿಡಿದು ಮತ್ತೆ ಡಾಕ್ಟರ ಮುಂದೆ ಕೂರಿಸಿದೆ.

ಅವರು ಕೇಳಿದರು, “ನಿಮ್ಮ ಗದ್ದೆಯ ಕೊನೆ ಪಾತಿಗೆ ನೀರು ಬರಲಿಲ್ಲ ಅಂದ್ರೆ ಪಾತಿ ಬೈತೀರಾ, ಕಾಲುವೆ ನೋಡ್ತೀರಾ?”

“ಕಾಲ್ವೆ.”

“ಇದೂ ಅಷ್ಟೆ. ಸಕ್ಕರೆ, ಸಿಗರೇಟು, ಹೊಟ್ಟೆಯ ಬೊಜ್ಜು ಸೇರಿ ರಕ್ತನಾಳ ಕಿರಿದಾಗಿವೆ. ಅಲ್ಲಿನ ನಾಳ ಸಣ್ಣದು, ಅದಕ್ಕೇ ಅಲ್ಲಿ ಮೊದಲು ಗೊತ್ತಾಯ್ತು. ಹೀಗೇ ಬಿಟ್ಟರೆ ನಾಳೆ ಹೃದಯದ್ದು. ಆ ನೀಲಿ ಮಾತ್ರೆ ಎಲ್ಲರಿಗೂ ಆಗೋದಲ್ಲ, ಹೃದಯ ಪರೀಕ್ಷೆ ಆಗಬೇಕು. ಮೂರು ತಿಂಗಳು ನಾನು ಹೇಳಿದ್ದು ಮಾಡಿ. ಆಮೇಲೆ ಬೇಕಾದ್ರೆ ಅದನ್ನ ಯೋಚಿಸೋಣ.”

ಹೇಳಿದ್ದೇನು? ಸಕ್ಕರೆಗೆ ಮಾತ್ರೆ. ಸಿಗರೇಟು ಬಿಡಬೇಕು, ಸಂಜೆಯ ಗುಂಡು ಬಿಡಬೇಕು. ದಿನಾ ಮುಕ್ಕಾಲು ಗಂಟೆ ಬೆವರು ಬರುವ ಹಾಗೆ ಬಿರುಸಾಗಿ ನಡೆಯಬೇಕು. ಮುದ್ದೆ ಅರ್ಧ, ಸೊಪ್ಪು ಎರಡರಷ್ಟು. ಬೆಲ್ಲ ಬಾಯಿಗೆ ಹಾಕಕೂಡದು. ಇಲ್ಲಿ ಅವನು ತಲೆ ಎತ್ತಿದ. ಪ್ರತಿ ಕೊಪ್ಪರಿಗೆಯ ಪಾಕವನ್ನೂ ಅವನು ನಾಲಗೆಯಲ್ಲೇ ನೋಡುವವನು. “ನೀರಿಗೆ ಬಿಟ್ಟು ಉಂಡೆ ಕಟ್ಟಿ ನೋಡಪ್ಪ, ನಮ್ಮ ಕಡೆ ಹಂಗೇ ನೋಡ್ತಾರೆ,” ಎಂದೆ. “ನಾಲ್ಗೆ ಯೋಳ್ದಂಗೆ ನೀರು ಯೋಳಲ್ಲ ಆಯಮ್ಮ,” ಎಂದು ಗೊಣಗಿದ. ಕೊನೆಯದಾಗಿ ಆ ವ್ಯಾಯಾಮ. “ಹೆಂಗಸರಿಗೆ ಕಲಿಸೋದನ್ನೇ ಇವರಿಗೂ ಕಲಿಸಿ, ಅದೇ ಸ್ನಾಯು,” ಎಂದು ಡಾಕ್ಟರು ನನಗೆ ವಹಿಸಿದರು.

ಗಂಡಸಿಗೆ ನಾನು ಕಲಿಸಿದ್ದು ಅದೇ ಮೊದಲು. ಬಟ್ಟೆ ಬಿಚ್ಚುವ ಪ್ರಶ್ನೆ ಇಲ್ಲ, ಕುರ್ಚಿಯಲ್ಲಿ ಕೂರಿಸಿದೆ. “ಸೊಸೈಟಿ ಮುಂದೆ ಕ್ಯೂನಲ್ಲಿ ನಿಂತಾಗ ಹೂಸು ಬಂದ್ರೆ ಹೆಂಗ್ ತಡ್ಕತೀಯ? ಆ ಜಾಗ ಎಳಿ.” ಎಳೆದ. ಮುಖ ಕೆಂಪಾಯಿತು, ಕೆನ್ನೆ ಉಬ್ಬಿತು, ತಿಕ ಕುರ್ಚಿಯಿಂದ ಒಂದು ಅಂಗುಲ ಮೇಲೆದ್ದಿತು.

“ಲೋಟ ಎತ್ತೋ ಅಂದ್ರೆ ಮೂಟೆ ಎತ್ತಿದ್ಯಲ್ಲೋ! ಉಸಿರು ಬಿಡು. ತೊಡೆ ಸಡಿಲ ಬಿಡು. ಹೊಟ್ಟೆ ಮೇಲೆ ಕೈ ಇಟ್ಕೊ, ಅದು ಗಟ್ಟಿ ಆಗಬಾರ್ದು. ಮುಂದೆ ಕೂತೋರಿಗೆ ಗೊತ್ತಾಗಬಾರ್ದು.”

ಎಷ್ಟು ಹೇಳಿದರೂ ಅವನ ಹುಬ್ಬು ಕುಣಿಯುತ್ತಿತ್ತು. ಕೊನೆಗೆ ಒಂದು ಉಪಾಯ ಮಾಡಿದೆ. ಹಿಡಿದುಕೊಂಡೇ ನನ್ನ ಜೊತೆ ಮಾತಾಡಬೇಕು. ಕಬ್ಬಿನ ರೇಟು ಏನು, ಗಾಣದ ಬೆಲ್ಟು ಯಾವಾಗ ಬದಲಿಸಿದೆ, ಹೀಗೆ. ಮಾತು ತಡವರಿಸಿದರೆ ಉಸಿರು ಕಟ್ಟಿದ್ದಾನೆ ಎಂದು ಅರ್ಥ. ಉಚ್ಚೆ ಮಾಡುವಾಗ ತಡೆದು ನೋಡುವುದು ಜಾಗ ಗೊತ್ತು ಮಾಡಿಕೊಳ್ಳಲು ಒಂದೇ ಸಲ, ದಿನಾ ಮಾಡಬೇಡ ಎಂದೂ ಹೇಳಿದೆ. ಸುಟ್ಟ ಗಾಯಕ್ಕೆ ಬಂದಾಗಲೆಲ್ಲ ಕೂರಿಸಿ ಮಾಡಿಸಿದೆ. ನಾಲ್ಕನೆಯ ಸಲಕ್ಕೆ ಅವನ ಮುಖ ದೇವರ ಮುಖದ ಹಾಗೆ ನಿಶ್ಚಲವಾಯಿತು.

ಹೆಂಡತಿಗೆ ನೀವೇ ಹೇಳಿ ಎಂದ. ಅವಳನ್ನು ಕರೆಸಿ ಹೇಳಿದೆವು. ಪೂರ್ತಿ ಕೇಳಿಸಿಕೊಂಡಳು.

“ಅದು ಆಗದಿದ್ರೆ ಓಗ್ಲಿ ಆಯಮ್ಮ. ಮೊಕ ತಿರುಗ್ಸಿದ್ದು ಯಾಕೆ? ಅದ್ಕೂ ಸಕ್ರೆ ಕಾಯ್ಲೆನಾ?” ಎಂದಳು. ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಸಂಕ್ರಾಂತಿಗಂಟ ಅಂದಿವ್ನಿ. ಅಲ್ಲಿಗಂಟ ಇರ್ತೀನಿ.”

ಉಳಿದದ್ದು ನಡಿಗೆ. ಅವನು ಹಟ ಹಿಡಿದ. “ಕೆಲ್ಸ ಇಲ್ದೆ ನಾಲೆ ಏರಿ ಮೇಲೆ ಕೈ ಬೀಸ್ಕಂಡು ಓದ್ರೆ ಊರೋರು ಸುಮ್ಕಿರ್ತಾರಾ? ಆಲೆಮನೆ ಸಾವ್ಕಾರ್ರಿಗೆ ಏನೋ ಆಗದೆ ಅಂತಾರೆ. ಏನಾಗದೆ ಅಂತ ಉಡುಕ್ತಾರೆ. ನಮ್ಮವ್ವಂಗೆ ಗೊತ್ತಾಯ್ತದೆ.”

ಅವನ ಮಾತು ಸುಳ್ಳಲ್ಲ. ಆಗ ಹಳ್ಳಿಯಲ್ಲಿ ಸುಮ್ಮನೆ ನಡೆಯುವವರು ಯಾರೂ ಇರಲಿಲ್ಲ. ನಡೆದರೆ ಗದ್ದೆಗೆ, ಸಂತೆಗೆ, ಸಾವಿನ ಮನೆಗೆ. ನಾನು ಬಹಳ ಬುದ್ಧಿವಂತೆಯ ಹಾಗೆ, “ನಂಜುಂಡಪ್ಪಂಗೆ ಹರಕೆ ಅಂತ ಹೇಳು. ಯಾವನು ಕೇಳ್ತಾನೆ ನೋಡ್ತೀನಿ,” ಎಂದೆ. ಅವನ ಮುಖ ಅರಳಿತು. ನಾನೂ ಬೀಗಿದೆ. ಈ ಕತೆಯಲ್ಲಿ ತಪ್ಪು ಅಂತ ಒಂದಿದ್ದರೆ ಅದು ಇದು, ಅದು ನನ್ನದು.

ದೀಪಾವಳಿ ಕಳೆದು ಕಾರ್ತಿಕದ ಮೊದಲ ಸೋಮವಾರ ಶುರುವಾಯಿತು. ಹನ್ನೊಂದು ಸೋಮವಾರ ನಂಜನಗೂಡಿಗೆ ನಡೆದು ಹೋಗಿ ಕಪಿಲಾ ನದಿಯಲ್ಲಿ ಮಿಂದು ಬರುತ್ತೇನೆಂದು ಊರಿಗೆಲ್ಲ ಹೇಳಿದನಂತೆ. ಮಿಕ್ಕ ದಿನ ಅಭ್ಯಾಸಕ್ಕೆಂದು ನಾಲೆ ಏರಿ. ಯಾರೂ ಕೇಳಲಿಲ್ಲ, ಎದುರಿಗೆ ಸಿಕ್ಕವರು ಕೈ ಮುಗಿದರು. ಸಿಗರೇಟು ದಿನಕ್ಕೆ ನಾಲ್ಕಕ್ಕೆ ಇಳಿದಿತ್ತು, ಬೆಲ್ಟು ಒಂದು ತೂತು ಒಳಗೆ ಹೋಗಿತ್ತು. ನನಗೆ ಖುಷಿ.

ನಾಲ್ಕನೆಯ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಟೆಂಪೋ ಬಂದು ನಮ್ಮ ಬಾಗಿಲಲ್ಲಿ ನಿಂತಿತು. ಹಿಂದೆ ಕಬ್ಬಿನ ಸೋಗೆಯ ಮೇಲೆ ಇವನು ಮಲಗಿದ್ದ. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ರಸ್ತೆ ಬದಿ ಕುಸಿದಿದ್ದವನನ್ನು ಆ ಡ್ರೈವರು ಎತ್ತಿಕೊಂಡು ಬಂದಿದ್ದ. ಡಾಕ್ಟರು ನೋಡಿದವರೇ ಗ್ಲೂಕೋಸ್ ಏರಿಸಿದರು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಸೋಮವಾರದ ಉಪವಾಸ ಎಂದು ಖಾಲಿ ಹೊಟ್ಟೆಯಲ್ಲಿ ನಡೆದಿದ್ದಾನೆ, ರಕ್ತದಲ್ಲಿ ಸಕ್ಕರೆ ತೀರಾ ಇಳಿದುಹೋಗಿದೆ. ಬಾಟಲಿ ಅರ್ಧ ಇಳಿದಾಗ ಎದ್ದು ಕೂತ. ನಾನು ಕಾಲು ಒರೆಸಲು ಹೋದೆ. ಅಂಗಾಲಿನಲ್ಲಿ ರೂಪಾಯಿ ಅಗಲದ ಬೊಬ್ಬೆ ಒಡೆದು ಮಣ್ಣು ಮೆತ್ತಿತ್ತು. ಚಪ್ಪಲಿ ಇಲ್ಲ.

“ನೋವಾಗಲಿಲ್ವೇನೋ?”

“ಇಲ್ವಲ್ಲ ಆಯಮ್ಮ. ಕಾಲ್ಗೆ ಉಣ್ಣು ಆಗದಾ?”

ಸಕ್ಕರೆಯವರಿಗೆ ಹಾಗೇ, ಕಾಲಿಗೆ ಏನು ಚುಚ್ಚಿದರೂ ತಿಳಿಯುವುದಿಲ್ಲ. ಡಾಕ್ಟರ ಮುಖ ಗಂಟಾಯಿತು. “ಬರಿಗಾಲಲ್ಲಿ ನಡೀರಿ ಅಂತ ಯಾರು ಹೇಳಿದ್ದು?” ಅವನು ನನ್ನ ಕಡೆ ನೋಡಿದ. ನಾನು ಹರಕೆಯ ವಿಷಯ ಹೇಳಿದೆ. ಅವರು ಕೂಗಾಡಲಿಲ್ಲ. “ಹರಕೆ ನಿಮ್ಮದು, ಗಾಯ ಅವರದು,” ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಹರಕೆ ಅಂದ ಮೇಲೆ ಬರಿಗಾಲು, ಹರಕೆ ಅಂದ ಮೇಲೆ ಉಪವಾಸ. ನಮ್ಮಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ಸಂಗತಿ. ನನಗೆ ಹೊಳೆದಿರಲಿಲ್ಲ. ಇನ್ನೊಂದು ಸಂಗತಿ ಬಾಕಿ ಇತ್ತು. ಮಧ್ಯಾಹ್ನ ಹೆಂಡತಿ ಓಡಿ ಬಂದಳು. ಅವನಿಗೆ ಗಂಜಿ ಕುಡಿಸಿದ ಮೇಲೆ ಹೊರಗೆ ಕರೆದು ಕೇಳಿದೆ. “ಏನಾದ್ರೂ ವ್ಯತ್ಯಾಸ ಕಾಣ್ತದಾ?”

“ಎಂಗ್ ಕಾಣ್ಬೇಕು ಆಯಮ್ಮ? ಅರಕೆ ಮುಗಿಯಗಂಟ ಗಂಡ ಎಂಡ್ತಿ ಚಾಪೆ ಬ್ಯಾರೆ ಅಂತ ನಮ್ಮತ್ತೆ ಅವರನ್ನ ಜಗ್ಲಿಗೆ ಆಕವ್ರೆ. ಮೊದ್ಲು ಗೋಡೆ ಕಡೆಗಾರ ತಿರಿಕಂಡಿರೋರು. ಈಗ ಗೋಡೆ ಆಚೆಗೇ ಓದ್ರು.” ಬೆರಳು ಮಡಿಸಿ ಎಣಿಸಿ ಹೇಳಿದಳು, “ಅನ್ನೊಂದನೇ ಸೋಮವಾರ ಬರೋದು ಸಂಕ್ರಾಂತಿ ಆದ್ಮೇಲೆ.”

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗಂಡ ಹೆಂಡತಿಯನ್ನು ಸೇರಿಸಲೆಂದು ಹೇಳಿದ ಉಪಾಯ ಅವರಿಬ್ಬರ ನಡುವೆ ಬಾಗಿಲು ಹಾಕಿತ್ತು. ನಾನೇ ಎಷ್ಟು ಹರಕೆ ಹೊತ್ತವಳು, ಎಷ್ಟು ಸಲ ಚಾಪೆ ಬೇರೆ ಹಾಸಿದವಳು. ಆದರೂ ಮರೆತೆ.

ಎರಡು ದಿನ ಯೋಚಿಸಿದೆ. ಅವನ ತಾಯಿಗೆ ನಿಜ ಹೇಳಿದರೆ ಕೆಲಸ ಮುಗಿಯುತ್ತದೆ. ಆದರೆ ರೋಗಿಯ ವಿಷಯ ಕ್ಲಿನಿಕ್ಕಿನ ಹೊಸ್ತಿಲು ದಾಟಬಾರದು. ಡಾಕ್ಟರು ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡ ದಿನ ಹೇಳಿದ ಮೊದಲ ಮಾತು ಅದು. ಹೇಳದೆ ಬಿಟ್ಟರೆ ದೇವನೂರಿನ ಗಾಡಿ ಬರುತ್ತದೆ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ. ನಾನು ಹೇಳುವುದಿಲ್ಲ, ಆದರೆ ಅವನು ಹೇಳುವ ತನಕ ಆ ಮನೆಯಿಂದ ಏಳುವುದೂ ಇಲ್ಲ. ಡಾಕ್ಟರಿಗೆ ತಿಳಿಸಿ, ಗಾಯದ ಬಟ್ಟೆ ಬದಲಿಸುವ ಸಾಮಾನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಮನೆಯ ಜಗಲಿಯಲ್ಲಿ ಅವನ ತಾಯಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಹಣೆ ತುಂಬ ವಿಭೂತಿ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಮೂಲೆಯಲ್ಲಿ ಸುತ್ತಿಟ್ಟ ಚಾಪೆ, ಅದರ ಮೇಲೆ ಒಂದೇ ದಿಂಬು. ಕಾಲಿನ ಗಾಯಕ್ಕೆ ಬಂದೆ ಎಂದೆ. ಮಗ ಆಲೆಮನೆಯಲ್ಲಿದ್ದಾನೆ ಎಂದಳು.

ಆಲೆಮನೆಗೆ ಹೋದೆ. ಕೊಪ್ಪರಿಗೆ ಮರಳುತ್ತಿತ್ತು, ಇವನು ಕಾಲಿಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದ. ಬಟ್ಟೆ ಬದಲಿಸುತ್ತ ಮೆಲ್ಲಗೆ ಹೇಳಿದೆ. “ಈ ಹರಕೆ ನಾನು ಹೇಳ್ಕೊಟ್ಟ ಸುಳ್ಳು. ನಿಮ್ಮವ್ವನಿಗೆ ನಿಜ ಹೇಳೋ ಹಕ್ಕು ನನಗಿಲ್ಲ, ನಿನಗಿದೆ. ಹೇಳ್ತೀಯೋ ಇಲ್ವೋ?”

“ನನ್ ಪ್ರಾಣ ತೆಗೀಬ್ಯಾಡಿ ಆಯಮ್ಮ. ಎತ್ತ ತಾಯಿಗೆ ಎಂಗ್ ಯೋಳ್ಲಿ?”

“ಹೆಂಡ್ತಿ ಗಾಡಿ ಹತ್ತಿದ ದಿನ ಏನಂತ ಹೇಳ್ತೀಯ? ಅದನ್ನೇ ಈಗ ಹೇಳು. ನಾನು ಜಗಲಿ ಮೇಲೆ ಕೂತಿರ್ತೀನಿ. ಕಡೇ ಬಸ್ಸು ಹೋದ್ರೂ ಕೂತಿರ್ತೀನಿ.”

ಹೋಗಿ ಕೂತೆ. ಮುದುಕಿಯ ಜೊತೆ ನಾನೂ ರಾಗಿಯಲ್ಲಿ ಕಲ್ಲು ಆರಿಸಿದೆ. ಎರಡು ಬಸ್ಸು ಹೋದವು. ಪಾಕ ಇಳಿಸಿ ಅಚ್ಚಿಗೆ ಹೊಯ್ದ ಮೇಲೆ ಅವನು ಕುಂಟಿಕೊಂಡು ಬಂದ. ಕಂಬಕ್ಕೆ ಒರಗಿ ನಿಂತು, ನೆಲ ನೋಡಿಕೊಂಡು ಹೇಳಿದ.

“ಅವ್ವಾ, ಅದು ಅರಕೆ ಅಲ್ಲ ಕಣವ್ವ. ನಂಗೆ ಸಕ್ರೆ ಕಾಯ್ಲೆ ಅದೆ. ಅದ್ರಿಂದ ನಂಗೆ… ಗಂಡಸ್ತನ ನಿಂತೋಗದೆ. ನಡುದ್ರೆ ಸರಿಯಾಯ್ತದೆ ಅಂತ ಡಾಕ್ಟ್ರು ಯೋಳವ್ರೆ.”

ಒಳಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಮುದುಕಿ ಮೊರ ನಿಲ್ಲಿಸಲಿಲ್ಲ. ಒಂದು ಸುತ್ತು ಕೇರಿ ಹೊಟ್ಟು ಹಾರಿಸಿ, ಆಮೇಲೆ ಹೇಳಿದಳು.

“ನಿಮ್ಮಪ್ಪಂಗೂ ಇರುವೆ ಮುತ್ಕತ್ತಿದ್ವು.”

ಮೊರದಲ್ಲಿ ಸಿಕ್ಕ ಕಲ್ಲೊಂದನ್ನು ಅಂಗಳಕ್ಕೆ ಎಸೆದಳು.

“ಅದಿನಾಕು ವರ್ಸ ಇದೇ ಜಗ್ಲಿ ಮೇಲೆ ಮನೀಕಂಡ್ರು. ನಾನೇನ್ ತಪ್ಪು ಮಾಡಿವ್ನಿ ಅಂತ ಕೇಳ್ನೂ ಇಲ್ಲ, ಅವ್ರು ಯೋಳ್ನೂ ಇಲ್ಲ. ಅಂಗೇ ಓದ್ರು.”

ಮೊರ ಕೆಳಗಿಟ್ಟು ಎದ್ದಳು. ಚಾಪೆ, ದಿಂಬು ಕಂಕುಳಲ್ಲಿ ಇರುಕಿಕೊಂಡು ಸೊಸೆಯನ್ನು ಸರಿಸಿ ಒಳಗೆ ಹೋಗಿ ಹಾಕಿ ಬಂದಳು. ಮಗನಿಗೆ, “ತಪ್ಪು ಕಾಣ್ಕೆ ನಾನ್ ಆಕ್ತೀನಿ. ನೀನು ಚಪ್ಲಿ ಆಕ್ಕೊ,” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಈ ಅರಕೆ ಯೋಳ್ಕೊಟ್ಟೋಳು ನೀನೇನವ್ವ?”

“ಹೂಂ.”

“ಇನ್ನೊಂದ್ಸಲ ನಿಮ್ ಔಸ್ದಿಗೆ ನಮ್ ದೇವ್ರನ್ನ ಎಳೀಬ್ಯಾಡ. ಉಂಡ್ಕಂಡು ಓಗು.”

ಉಂಡೆ. ಬೈಗುಳ ನ್ಯಾಯವಾಗಿತ್ತು, ಸೊಪ್ಪಿನ ಸಾರೂ ಚೆನ್ನಾಗಿತ್ತು.

ಗಾಯ ಮಾಯುವ ತನಕ ನಡಿಗೆ ಇಲ್ಲ, ಕೂತು ಮಾಡುವ ವ್ಯಾಯಾಮ ಮಾತ್ರ. ಮೂರು ವಾರಕ್ಕೆ ಮಾಯಿತು. ಸಡಿಲ ಬೂಟು, ಹತ್ತಿಯ ಕಾಲುಚೀಲ ಕೊಳ್ಳಿಸಿದೆವು. ಮನೆಗೆ ಬಂದ ಕೂಡಲೇ ಅಂಗಾಲನ್ನು ಹೆಂಡತಿ ನೋಡಬೇಕು ಎಂದು ಡಾಕ್ಟರು ವಿಧಿಸಿದರು. ಇಬ್ಬರನ್ನೂ ಕೂರಿಸಿ ಇನ್ನೊಂದು ಮಾತು ಹೇಳಿದರು. “ಪರೀಕ್ಷೆ ಬರೆಯೋಕೆ ಹೋಗೋರ ಹಾಗೆ ಹೋಗಬೇಡಿ. ಸ್ವಲ್ಪ ದಿನ ಸುಮ್ಮನೆ ಪಕ್ಕದಲ್ಲಿ ಮಲಗಿ ಮಾತಾಡಿ. ಆದರೆ ಆಯ್ತು, ಇಲ್ಲದಿದ್ದರೆ ಇಲ್ಲ.” ನಾಲೆ ಏರಿಗೆ ಇಬ್ಬರೂ ಒಟ್ಟಿಗೆ ಹೋಗಿ ಎಂದು ಮುದುಕಿಯೇ ಅಟ್ಟಿದಳಂತೆ. ಮೊದಲ ದಿನ ಹೊಲದಿಂದ ಒಬ್ಬ ಕೂಗಿದ್ದಾನೆ, “ಏನ್ ಸಾವ್ಕಾರ್ರೇ, ಎಂಡ್ತಿ ಕರಕಂಡು ಓಡೋಯ್ತಾ ಇದೀರಾ?” ಇವನು, “ಸಕ್ರೆ ಕಾಯ್ಲೆ ಕಣ್ಲಾ! ಆ ಬೀಡಿ ಸೇದ್ತಾ ಇರು, ನಿನ್ನೂ ಕರಕಂಡೋಯ್ತೀನಿ!” ಎಂದನಂತೆ. ಅಷ್ಟೇ. ಅಷ್ಟು ದಿನ ಹೆದರಿದ್ದು ಇಷ್ಟಕ್ಕೆ.

ಎಲ್ಲ ನೇರವಾಗಿ ನಡೆಯಲಿಲ್ಲ. ಧನುರ್ಮಾಸದಲ್ಲಿ ಒಂದು ರಾತ್ರಿ ಪ್ರಯತ್ನಪಟ್ಟು ಆಗದೆ, ಎದ್ದು ಸಿಗರೇಟು ಹುಡುಕಿಕೊಂಡು ಜಗಲಿಗೆ ಹೋಗಿದ್ದಾನೆ. ಅಲ್ಲಿ ತಾಯಿ ಮಲಗಿದ್ದಳು. “ಒಳೀಕ್ ನಡಿ. ಈ ಜಾಗ ಈಗ ನಂದು,” ಎಂದು ವಾಪಸು ಕಳಿಸಿದಳಂತೆ. ಹೆಂಡತಿ ಇದನ್ನು ಹೇಳುವಾಗ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು.

ಸಂಕ್ರಾಂತಿಯ ಹಿಂದಿನ ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಸ್ಪಿರಿಟ್ಟಿನ ಬಾಟಲಿ ಒಂದು ಒಡೆದೆ. ಹಬ್ಬದ ಮಾರನೆಯ ದಿನ ಬೆಳಿಗ್ಗೆ, ಕ್ಲಿನಿಕ್ಕಿನ ಬಾಗಿಲು ತೆಗೆಯುವ ಹೊತ್ತಿಗೆ ಅವಳು ಡಬ್ಬಿ ಹಿಡಿದು ನಿಂತಿದ್ದಳು. ಎಳ್ಳು ಬೆಲ್ಲ. ಒಬ್ಬಳೇ ಬಂದಿದ್ದಳು, ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ.

“ನಿಮ್ಮಣ್ಣ ಬಂದಿದ್ನಾ?”

“ಬಂದಿದ್ದ. ಗಾಡಿನೂ ತಂದಿದ್ದ.”

“ಏನಂದೆ?”

“ಉಂಡ್ಕಂಡು ಓಗಣ್ಣ ಅಂದೆ.”

ಡಬ್ಬಿ ತೆಗೆದುಕೊಂಡೆ. ಕೇಳದೆ ಇರಲು ನನ್ನಿಂದ ಆಗಲಿಲ್ಲ. “ಮತ್ತೆ ಅದು?”

ಅವಳು ಸುತ್ತ ನೋಡಿದಳು. ಬೆಂಚಿನ ಮೇಲೆ ಆಗಲೇ ಇಬ್ಬರು ಬಾಣಂತಿಯರು ಕೂತಿದ್ದರು. ನನ್ನ ಕಿವಿಯ ಹತ್ತಿರ ಬಂದಳು.

“ದಿನಾ ಅಲ್ಲ ಆಯಮ್ಮ. ಆಯ್ತದೆ, ಕೆಲವು ದಿನ ಆಗಲ್ಲ.” ಸೆರಗು ಸರಿ ಮಾಡಿಕೊಂಡಳು. “ಆಗದಿದ್ ದಿನವೂ ನನ್ ಕಡೀಕೇ ತಿರಿಕಂಡು ಮನೀಕತ್ತಾರೆ.”

ಒಂದು ಹಿಡಿ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಬೆಂಚಿನ ಮೇಲಿದ್ದ ಮೊದಲನೆಯವಳನ್ನು ಒಳಗೆ ಕರೆದೆ.